ಜೀನೋಮ್ ಕಡತದ ಒಂದು ಸಾಲು

ಒಬ್ಬ ವ್ಯಕ್ತಿಯ ಜೀನೋಮನ್ನು ಪೂರ್ತಿ ಓದಿಸಿದರೆ ಕೈಗೆ ಬರುವ ಕಡತದಲ್ಲಿ ಸುಮಾರು 40ರಿಂದ 50 ಲಕ್ಷ ಸಾಲುಗಳಿರುತ್ತವೆ. ಹೋಲಿಕೆಗೆಂದು ಬಳಸುವ ಆಕರ ಜೀನೋಮಿಗಿಂತ ಬೇರೆಯಾಗಿರುವ ಪ್ರತಿ ಜಾಗಕ್ಕೂ ಒಂದು ಸಾಲು. ಹೃದ್ರೋಗ, ಸಕ್ಕರೆ ಕಾಯಿಲೆಯಂಥ ಸಂಕೀರ್ಣ ರೋಗಗಳ ಬೇರು ಹುಡುಕುವವರು ಇಂಥ ಸಾಲುಗಳನ್ನೇ ಲಕ್ಷಾಂತರ ಜನರಲ್ಲಿ ಹೋಲಿಸಿ ನೋಡುತ್ತಾರೆ. ಅಂಥದೊಂದನ್ನು ಬಿಡಿಸಿ ಹೇಳುತ್ತೇನೆ. ವ್ಯಕ್ತಿ ಕಲ್ಪಿತ, ವ್ಯತ್ಯಾಸ ನಿಜವಾದದ್ದು.

1 | 55039974 | ಆರ್‌ಎಸ್11591147 | ಜಿ | ಟಿ | ಪಾಸ್ | 31 | 0/1

1 | 55039974

ಒಂದನೆಯ ವರ್ಣತಂತು, ಅದರಲ್ಲಿ ಇಷ್ಟನೆಯ ಡಿಎನ್‌ಎ ಅಕ್ಷರ. ಮನುಷ್ಯನ ಜೀನೋಮಿನ 300 ಕೋಟಿಗೂ ಹೆಚ್ಚು ಅಕ್ಷರಗಳ ನಡುವೆ ಇದು ಆ ಜಾಗದ ವಿಳಾಸ. ಈ ಸಂಖ್ಯೆ ಆಕರ ಜೀನೋಮಿನ 38ನೆಯ ಆವೃತ್ತಿಯದು. ಹಿಂದಿನ ಆವೃತ್ತಿಯಲ್ಲಿ ಇದೇ ಜಾಗಕ್ಕೆ 55505647 ಎಂದಿದೆ. ಆವೃತ್ತಿ ಯಾವುದೆಂದು ಹೇಳದ ವರದಿ ನನ್ನ ಮಟ್ಟಿಗೆ ಅಪೂರ್ಣ.

ಆರ್‌ಎಸ್11591147

ಸಾರ್ವಜನಿಕ ದತ್ತಾಂಶ ಕೋಶದಲ್ಲಿ ಈ ವ್ಯತ್ಯಾಸಕ್ಕಿರುವ ದಾಖಲೆ ಸಂಖ್ಯೆ. ಬೇರೆಯವರಲ್ಲೂ ಇದು ಕಂಡಿದೆ ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ.

ಜಿ | ಟಿ

ಸಾಲಿನ ಜೀವ ಇರುವುದು ಇಲ್ಲಿ. ಆಕರದಲ್ಲಿ ಜಿ ಇದ್ದ ಕಡೆ ಈ ವ್ಯಕ್ತಿಯಲ್ಲಿ ಟಿ ಇದೆ. ಈ ಜಾಗ ಪಿಸಿಎಸ್‌ಕೆ9 ಎಂಬ ವಂಶವಾಹಿಯೊಳಗೆ ಬರುತ್ತದೆ. ಲಿವರ್‌ನ ಕೋಶಗಳ ಮೈಮೇಲೆ ಎಲ್‌ಡಿಎಲ್ ಗ್ರಾಹಕಗಳಿದ್ದು, ಅವು ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಹಿಡಿದು ಒಳಗೆಳೆದುಕೊಳ್ಳುತ್ತವೆ. ಪಿಸಿಎಸ್‌ಕೆ9 ತಯಾರಿಸುವ ಪ್ರೋಟೀನು ಆ ಗ್ರಾಹಕಗಳಿಗೆ ಅಂಟಿಕೊಂಡು ಅವು ನಾಶವಾಗುವಂತೆ ಮಾಡುತ್ತದೆ. ಟಿ ಬಂದಾಗ ಪ್ರೋಟೀನಿನ 46ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಲ್ಯೂಸಿನ್ ಕೂರುತ್ತದೆ, ಪ್ರೋಟೀನಿನ ಬಲ ಕುಗ್ಗುತ್ತದೆ. ಗ್ರಾಹಕಗಳು ಹೆಚ್ಚು ಉಳಿಯುತ್ತವೆ, ಕೊಲೆಸ್ಟರಾಲ್ ಇಳಿಯುತ್ತದೆ. ಅಂದರೆ ಈ ವ್ಯತ್ಯಾಸ ಹೊತ್ತವರಿಗೆ ಲಾಭವೇ.

ಇದು ತಿಳಿದ ಬಗೆ ಸ್ವಾರಸ್ಯದ್ದು. ತಲೆಮಾರುಗಳಿಂದ ಕೊಲೆಸ್ಟರಾಲ್ ವಿಪರೀತವಾಗಿದ್ದ ಫ್ರೆಂಚ್ ಕುಟುಂಬಗಳಲ್ಲಿ ಇದೇ ವಂಶವಾಹಿ ಕೆಟ್ಟಿರುವುದು 2003ರಲ್ಲಿ ಪತ್ತೆಯಾಯಿತು. ಅಲ್ಲಿ ಪ್ರೋಟೀನಿನ ಕೆಲಸ ಅತಿಯಾಗಿತ್ತು. ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಇದರ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದರು: ಈ ಪ್ರೋಟೀನು ಕೆಲಸ ಮಾಡದವರು ಯಾರಾದರೂ ಇದ್ದಾರೆಯೇ? ಡಲ್ಲಾಸ್ ಹೃದಯ ಅಧ್ಯಯನದಲ್ಲಿ ಆಫ್ರಿಕನ್ ಅಮೆರಿಕನ್ನರನ್ನು ಉದ್ದೇಶಪೂರ್ವಕವಾಗಿ ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿದ್ದರು. ಅಂಥವರು ಸಿಕ್ಕಿದ್ದು ಅವರ ನಡುವೆಯೇ. 2006ರಲ್ಲಿ ಪ್ರಕಟವಾದ ಮತ್ತೊಂದು ಲೆಕ್ಕದಲ್ಲಿ 3,363 ಕಪ್ಪು ಜನರ ಪೈಕಿ ಶೇ. 2.6ರಷ್ಟು ಮಂದಿಯಲ್ಲಿ ಈ ವಂಶವಾಹಿಯ ಒಂದು ಪ್ರತಿ ನಿಷ್ಕ್ರಿಯವಾಗಿತ್ತು. ಅವರ ಎಲ್‌ಡಿಎಲ್ ಶೇ. 28 ಕಡಿಮೆ, ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 88 ಕಡಿಮೆ. ನಮ್ಮ ಸಾಲಿನ ವ್ಯತ್ಯಾಸ ಬಿಳಿಯರಲ್ಲಿ ಶೇ. 3.2 ಮಂದಿಗಿತ್ತು. ಅವರಲ್ಲಿ ಎಲ್‌ಡಿಎಲ್ ಶೇ. 15, ಅಪಾಯ ಶೇ. 47 ಇಳಿದಿತ್ತು.

ಹುಟ್ಟಿನಿಂದಲೇ ಈ ಪ್ರೋಟೀನು ಕಡಿಮೆಯಿರುವವರು ಆರೋಗ್ಯವಾಗಿದ್ದಾರೆ ಎಂದಾದರೆ ಅದನ್ನು ಔಷಧದಿಂದ ತಡೆಯಲು ಧೈರ್ಯ ಬರುತ್ತದೆ. ಅಲಿರೊಕುಮ್ಯಾಬ್, ಇವೊಲೊಕುಮ್ಯಾಬ್ ಎಂಬ ಚುಚ್ಚುಮದ್ದುಗಳಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 27,564 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇವೊಲೊಕುಮ್ಯಾಬ್ ಎಲ್‌ಡಿಎಲ್ ಅನ್ನು ಶೇ. 59 ಇಳಿಸಿತು. ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಅಪಾಯ ಇಳಿದದ್ದು ಶೇ. 15. ಈ ಅಂಕಿಗಳನ್ನು ಮೇಲಿನವುಗಳ ಪಕ್ಕದಲ್ಲಿಟ್ಟು ನೋಡಿ. ಬದುಕಿಡೀ ಸ್ವಲ್ಪ ಕಡಿಮೆಯಿದ್ದ ಕೊಲೆಸ್ಟರಾಲ್ ಅಪಾಯವನ್ನು ಸುಮಾರು ಅರ್ಧಕ್ಕಿಳಿಸಿದೆ. ರಕ್ತನಾಳ ಆಗಲೇ ಕೆಟ್ಟ ಮೇಲೆ, ಎರಡು ವರ್ಷ ಚಿಲ್ಲರೆ ಕಾಲ ಭಾರಿ ಪ್ರಮಾಣದಲ್ಲಿ ಇಳಿಸಿದರೂ ಫಲ ಅಷ್ಟಿಲ್ಲ. ಕೊಲೆಸ್ಟರಾಲಿನ ಹಾನಿ ವರ್ಷವರ್ಷವೂ ಕೂಡುತ್ತಾ ಹೋಗುವಂಥದ್ದು. ಜೀನೋಮ್ ಓದಿನಿಂದ ಬಂದ ಪಾಠಗಳಲ್ಲಿ ಔಷಧಕ್ಕಿಂತ ದೊಡ್ಡದು ಇದೇ ಎಂದು ನನಗನ್ನಿಸುತ್ತದೆ.

ಪಾಸ್ | 31

ಯಂತ್ರ ಡಿಎನ್‌ಎಯನ್ನು ತುಣುಕು ತುಣುಕಾಗಿ ಓದುತ್ತದೆ. ಈ ಜಾಗವನ್ನು 31 ಸಲ ಓದಿದೆ, ಗುಣಮಟ್ಟದ ಪರೀಕ್ಷೆಯಲ್ಲಿ ಸಾಲು ತೇರ್ಗಡೆಯಾಗಿದೆ. ಸರಾಸರಿ 30 ಸಲ ಓದುವುದು ವಾಡಿಕೆ.

0/1

ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಜಿ, ಇನ್ನೊಬ್ಬರಿಂದ ಟಿ. ಮಕ್ಕಳಿಗೆ ಟಿ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಇಷ್ಟನ್ನೇ ನೋಡಿ ಈ ವ್ಯಕ್ತಿಗೆ ಹೃದಯಾಘಾತ ಆಗುವುದಿಲ್ಲ ಎಂದು ಯಾವ ವೈದ್ಯರೂ ಹೇಳಲಾರರು. ಹೃದ್ರೋಗಕ್ಕೆ ನಂಟಿರುವ ಜಾಗಗಳು ಜೀನೋಮಿನಲ್ಲಿ ನೂರಾರಿವೆ, ಹೆಚ್ಚಿನವುಗಳ ಪಾಲು ಅತಿ ಸಣ್ಣದು. ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆ ಇವುಗಳ ಪಾಲು ಬೇರೆ.

ಸಾಲಿನಲ್ಲಿ ಬರೆಯದಿರುವುದು

ಈ ಟಿ ಯಾರಲ್ಲಿ ಎಷ್ಟು ಇದೆ, ಅವರಿಗೆ ಏನಾಯಿತು ಎಂಬುದು ಒಬ್ಬರ ಕಡತದಲ್ಲಿ ಸಿಗುವುದಿಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 5 ಲಕ್ಷ ಸ್ವಯಂಸೇವಕರ ಆರೋಗ್ಯವನ್ನು ವರ್ಷಗಟ್ಟಲೆ ದಾಖಲಿಸುತ್ತಿದೆ, ಅವರಲ್ಲಿ ಹೆಚ್ಚುಕಡಿಮೆ ಎಲ್ಲರ ಜೀನೋಮನ್ನೂ ಓದಿಸಿದೆ. ಆದರೆ ಅವರಲ್ಲಿ ಬಹುಪಾಲು ಯುರೋಪ್ ಮೂಲದವರು, ಹಾಗಾಗಿ ಬೇರೆ ಕಡೆಯವರಲ್ಲಿರುವ ವ್ಯತ್ಯಾಸಗಳು ಅಲ್ಲಿ ಕಾಣದೇ ಹೋಗಬಹುದು. ಹೃದಯದ ಸ್ನಾಯು ಕೆಡುವ ಕಾಯಿಲೆಯೊಂದಿಗೆ ನಂಟಿರುವ, ಎಂವೈಬಿಪಿಸಿ3 ವಂಶವಾಹಿಯಲ್ಲಿ 25 ಅಕ್ಷರ ಬಿಟ್ಟುಹೋಗುವ ವ್ಯತ್ಯಾಸ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ. 4 ಮಂದಿಗಿದೆ ಎಂದು 2009ರಲ್ಲಿ ವರದಿಯಾಯಿತು. ಯುರೋಪಿನವರಲ್ಲಿ ಅದು ಹುಡುಕಿದರೂ ಸಿಗುವುದು ಕಷ್ಟ. ಆಫ್ರಿಕನ್ ಅಮೆರಿಕನ್ನರನ್ನು ಬಿಟ್ಟಿದ್ದರೆ ಪಿಸಿಎಸ್‌ಕೆ9 ಕತೆಯೂ ಇಷ್ಟು ಬೇಗ ಬಿಚ್ಚಿಕೊಳ್ಳುತ್ತಿರಲಿಲ್ಲ.

ನಮ್ಮಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 10,000 ಜನರ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿತು, ಅದು ಇರುವುದು ಫರೀದಾಬಾದಿನಲ್ಲಿ. 140 ಕೋಟಿ ಜನರ ದೇಶಕ್ಕೆ ಇದು ಆರಂಭ ಮಾತ್ರ. ಅಕ್ಷರಗಳ ಜೊತೆಗೆ ಅದೇ ಜನರ ಆರೋಗ್ಯದ ದಾಖಲೆಯೂ ಹತ್ತಿಪ್ಪತ್ತು ವರ್ಷ ಸೇರುತ್ತಾ ಹೋಗಬೇಕು.

ಆಸ್ಪತ್ರೆಯಲ್ಲೋ ಊರಿನ ಶಿಬಿರದಲ್ಲೋ ಸಂಶೋಧನೆಗೆ ರಕ್ತ ಕೇಳಿದರೆ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ. ಮಾಹಿತಿ ಎಲ್ಲಿರುತ್ತದೆ, ಹೆಸರು ತೆಗೆದಿರುತ್ತಾರೆಯೇ, ಮುಂದೆ ಬೇಡವೆನಿಸಿದರೆ ಹಿಂದೆ ಸರಿಯಬಹುದೇ ಎಂದು ಕೇಳಿ. ಉತ್ತರ ಸರಿಯೆನಿಸಿದರೆ ದಯವಿಟ್ಟು ಕೊಡಿ.