ಕಂಠಪಾಠವಲ್ಲದ ಕಾವ್ಯ: ಮೌಖಿಕ ಮಹಾಕಾವ್ಯಗಳಲ್ಲಿ ನುಡಿಯ ನಿರ್ಮಿತಿ ಮತ್ತು ಗ್ರಹಿಕೆ

ಕೊಳ್ಳೇಗಾಲ, ಹನೂರು, ಯಳಂದೂರು ಪರಿಸರದಲ್ಲಿ ಇಂದಿಗೂ ಜೀವಂತವಾಗಿರುವ ಎರಡು ಮೌಖಿಕ ಮಹಾಕಾವ್ಯಗಳೆಂದರೆ ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ. ಮೊದಲನೆಯದನ್ನು ಕಂಸಾಳೆ ಹಿಡಿದ ದೇವರ ಗುಡ್ಡರು, ಎರಡನೆಯದನ್ನು ತಂಬೂರಿ ಹಿಡಿದ ನೀಲಗಾರರು ಹಾಡುತ್ತ ಬಂದಿದ್ದಾರೆ. ಈ ಕಾವ್ಯಗಳ ವಸ್ತು, ಪಂಥ ಹಾಗೂ ಸಾಮಾಜಿಕ ಆಶಯಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅಕ್ಷರ ಕಲಿಯದ ಗಾಯಕನೊಬ್ಬ ಇರುಳಿಡೀ ನುಡಿಯನ್ನು ಹೇಗೆ ಕಟ್ಟುತ್ತಾನೆ ಎಂಬ ಪ್ರಶ್ನೆಗೆ ‘ಅಗಾಧ ನೆನಪಿನ ಶಕ್ತಿ’ ಎಂಬ ಉತ್ತರವೇ ರೂಢಿಯಲ್ಲಿದೆ. ಹೊಗಳಿಕೆಯಂತೆ ಕಾಣುವ ಈ ಮಾತು ವಾಸ್ತವವಾಗಿ ಗಾಯಕನ ಕವಿತ್ವವನ್ನು ನಿರಾಕರಿಸುತ್ತದೆ. ನೆನಪಿಟ್ಟು ಒಪ್ಪಿಸುವವನು ಕಾವ್ಯದ ವಾಹಕನೇ ಹೊರತು ಕವಿಯಲ್ಲ ಎಂಬ ತೀರ್ಮಾನ ಅದರಲ್ಲಿ ಅಡಗಿದೆ.

ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯದಲ್ಲಿ ನಡೆಸಿದ ಕ್ಷೇತ್ರಕಾರ್ಯ ಹಾಗೂ ಅದನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ ಅವರ 1960ರ ಗ್ರಂಥ ಈ ತೀರ್ಮಾನವನ್ನು ಅಲ್ಲಗಳೆದವು. ಗಾಯಕ ಉರು ಹೊಡೆಯುವುದಿಲ್ಲ. ಸಿದ್ಧ ನುಡಿಗಟ್ಟುಗಳ ನೆರವಿನಿಂದ ಹಾಡುವಾಗಲೇ ರಚಿಸುತ್ತಾನೆ ಎಂಬುದು ಅವರ ನಿಲುವು. ಕರ್ನಾಟಕದ್ದೇ ಆದ ತುಳು ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರಿಂದ ದಾಖಲಿಸಿ 1998ರಲ್ಲಿ ಪ್ರಕಟಿಸಿದ ಲೌರಿ ಹಾಂಕೊ, ಗಾಯಕನ ಮನಸ್ಸಿನಲ್ಲಿರುವುದು ಸಿದ್ಧ ಸಾಲುಗಳಲ್ಲ, ಕಥಾಘಟಕ ಮತ್ತು ನಿರೂಪಣೆಯ ನಿಯಮಗಳನ್ನೊಳಗೊಂಡ ‘ಮಾನಸಿಕ ಪಠ್ಯ’ ಎಂದರು.

ಮಾದೇಶ್ವರ ಕಾವ್ಯದ ರಚನೆ ಈ ನಿಲುವನ್ನು ಬೆಂಬಲಿಸುತ್ತದೆ. ಶ್ರವಣದೊರೆ, ಜುಂಜೇಗೌಡ, ಸಂಕಮ್ಮ, ಇಕ್ಕೇರಿ ದೇವಮ್ಮ ಮೊದಲಾದವರ ವೃತ್ತಾಂತಗಳು ಇಲ್ಲಿ ‘ಸಾಲು’ಗಳಾಗಿವೆ. ಹರಕೆಯ ಮನೆಯಲ್ಲಿ ಒಂದು ಸಾಲು ಹಿಗ್ಗಬಹುದು, ಜಾತ್ರೆಯಲ್ಲಿ ಅದೇ ಸಾಲು ಕುಗ್ಗಬಹುದು. ‘ಏಳುಮಲೆಯ ಮಾದಪ್ಪ’, ‘ಧರೆಗೆ ದೊಡ್ಡವರು’, ‘ಘನನೀಲಿ ಸಿದ್ಧಪ್ಪಾಜಿ’ ಮುಂತಾದ ವಿಶೇಷಣಗಳು ಭಕ್ತಿಯ ಸಂಬೋಧನೆಗಳಾಗಿರುವಂತೆ ಪಂಕ್ತಿಯನ್ನು ತುಂಬುವ ಸಿದ್ಧ ಘಟಕಗಳೂ ಹೌದು.

ಆದರೆ ಲಾರ್ಡ್ ಮತ್ತು ಹಾಂಕೊ ಇಬ್ಬರ ಗಮನವೂ ಮುಖ್ಯವಾಗಿ ಒಂಟಿ ಗಾಯಕನ ಮೇಲಿದೆ. ಈ ಪ್ರದೇಶದ ಹಾಡುಗಾರಿಕೆ ಮೇಳದ್ದು. ಮುಮ್ಮೇಳದ ಗಾಯಕ ಎತ್ತಿಕೊಟ್ಟ ನುಡಿಯನ್ನು ಹಿಮ್ಮೇಳ ಹಿಡಿದು ಪಲ್ಲವಿಗೆ ತರುತ್ತದೆ. ಆಡುವ ಮಾತಿನಲ್ಲಿ ಆಲೋಚನೆ, ಪದಜೋಡಣೆ, ಉಚ್ಚಾರಣೆಗಳು ಒಂದರ ಹಿಂದೊಂದು ಕಾಯದೆ ಏಕಕಾಲಕ್ಕೆ ಸಾಗುತ್ತವೆ ಎಂದು ಮನೋಭಾಷಾವಿಜ್ಞಾನಿ ವಿಲೆಂ ಲೆವೆಲ್ಟ್ 1989ರಲ್ಲಿ ವಿವರಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ, ಹಿಮ್ಮೇಳ ಪಲ್ಲವಿ ಹಾಡುವ ಅವಧಿ ಮುಂದಿನ ಪಂಕ್ತಿ ರೂಪುಗೊಳ್ಳುವ ಅವಕಾಶವೂ ಆಗಿದೆ. ನುಡಿ ಎಲ್ಲಿ ಮುಗಿಯುವುದೆಂದು ಮೊದಲೇ ಊಹಿಸದೆ ಹಿಮ್ಮೇಳ ಅದನ್ನು ಸಕಾಲದಲ್ಲಿ ಹಿಡಿಯಲಾರದು. ಅಂದರೆ ಇಲ್ಲಿ ಕೇಳುವುದೂ ಒಂದು ಬಗೆಯ ರಚನೆಯೇ.

ಎದುರು ಕುಳಿತ ಶ್ರೋತೃಗಳ ಗ್ರಹಿಕೆಗೆ ಸಂಕಮ್ಮನ ಸಾಲು ಉತ್ತಮ ನಿದರ್ಶನ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಶೀಲದ ಭಾಷೆ ಕೇಳುತ್ತಾನೆ. ಆಕೆ ಒಪ್ಪದೆ ಹಿಂಸೆಗೆ ಗುರಿಯಾಗುತ್ತಾಳೆ. ಕನ್ನಡದಲ್ಲಿ ‘ಭಾಷೆ’ ಎಂದರೆ ನುಡಿಯೂ ಹೌದು, ಆಣೆಯೂ ಹೌದು. ಇಲ್ಲಿ ಯಾವ ಅರ್ಥವೆಂದು ಯಾರೂ ತಡೆದು ಯೋಚಿಸುವುದಿಲ್ಲ. ಸಂದರ್ಭವೇ ಅದನ್ನು ಆಯ್ದುಕೊಟ್ಟಿರುತ್ತದೆ. ಆದರೆ ಸಂದರ್ಭ ಎಲ್ಲರಿಗೂ ಒಂದೇ ಅಲ್ಲ. ಮಾದೇಶ್ವರನ ವರದಿಂದ ಸಂಕಮ್ಮನಿಗೆ ಹುಟ್ಟಿದ ಕಾರಯ್ಯನನ್ನು ಮೂಲಪುರುಷನೆಂದು ನಂಬುವ ಬಿಳಿಗಿರಿರಂಗನ ಬೆಟ್ಟ ಹಾಗೂ ಮಾದೇಶ್ವರ ಬೆಟ್ಟದ ಸೋಲಿಗರಿಗೆ ಇದು ವಂಶದ ಕಥೆ. ಬಯಲಿನ ಒಕ್ಕಲಿಗೆ ದೇವರ ಮಹಿಮೆ. ಉಚ್ಚರಿತ ನುಡಿ ಒಂದೇ ಆದರೂ ಗ್ರಹಿಸಿದ ಕಾವ್ಯ ಬೇರೆ.

ಈ ಹಿನ್ನೆಲೆಯಲ್ಲಿ ಸಂಪಾದನೆಯ ಪ್ರಶ್ನೆ ಮುಖ್ಯವಾಗುತ್ತದೆ. ಪುನರುಕ್ತಿಯನ್ನು ದೋಷವೆಂದು ಕತ್ತರಿಸಿ, ಹಿಮ್ಮೇಳದ ಸೊಲ್ಲನ್ನು ಒಮ್ಮೆ ಕೊಟ್ಟು ಕೈಬಿಡುವ ಮುದ್ರಣ ಓದಲು ಸುಲಭ. ಆದರೆ ನುಡಿ ಹುಟ್ಟಿದ ಬಗೆಗೆ ಇದ್ದ ಸಾಕ್ಷ್ಯವೇ ಅಲ್ಲಿ ಅಳಿಸಿಹೋಗುತ್ತದೆ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಕೇಂದ್ರ ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿದಾಗ, ಅದು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡದವರು ಹಾಡಿದ್ದೆಂದು ಶೀರ್ಷಿಕೆಯಲ್ಲೇ ನಮೂದಿಸಲಾಯಿತು. ಇದು ಕೇವಲ ಸೌಜನ್ಯವಲ್ಲ, ಕರ್ತೃತ್ವದ ಸರಿಯಾದ ನಿರ್ಣಯ. ಇನ್ನು ಮುಂದಿನ ಸಂಪಾದನೆಗಳು ಒಬ್ಬನೇ ಗಾಯಕನ ಒಂದೇ ಸಾಲನ್ನು ಬೇರೆ ಬೇರೆ ರಾತ್ರಿಗಳಲ್ಲಿ ದಾಖಲಿಸಿ, ಪಾಠಾಂತರಗಳನ್ನು ಅಕ್ಕಪಕ್ಕದಲ್ಲಿ ಕೊಡಬೇಕು. ಎರಡು ರಾತ್ರಿಗಳ ನಡುವಿನ ವ್ಯತ್ಯಾಸ ಮರೆವಿನ ಗುರುತಲ್ಲ. ಅಲ್ಲಿ ಒಬ್ಬ ಕವಿ ಇದ್ದಾನೆ ಎಂಬುದಕ್ಕೆ ಪುರಾವೆ.