ಪಂಪಿಗಿಂತ ಮೊದಲು ಕೇಳಬೇಕಾದ್ದು

ಉತ್ತರ ಕನ್ನಡದ ಕಾರವಾರ, ಅಂಕೋಲೆ ಕಡೆಯ ಹೃದ್ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ಬಾಳೆಗುಳಿ ಕ್ರಾಸಿನಲ್ಲಿ ದಾರಿ ಕವಲೊಡೆಯುತ್ತದೆ: ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ, ಇಲ್ಲವೇ ಕರಾವಳಿ ಹಿಡಿದು ಮಣಿಪಾಲಕ್ಕೆ. ಎರಡೂ ನೂರು ಕಿ.ಮೀ.ಗಿಂತ ದೂರ. ಹಾಗೆ ತಲುಪಿದ ಕೆಲವರ ಮನೆಯವರಿಗೆ ವೈದ್ಯರು ಹೇಳುವುದಿದೆ: ಹೃದಯದ ಪಂಪಿಂಗ್ ತೀರಾ ಕಡಿಮೆಯಿದೆ, ಸ್ಟೆಂಟ್ ಹಾಕುವಾಗ ಯಂತ್ರದ ಆಸರೆ ಬೇಕಾಗಬಹುದು. ಈ ಆಸರೆಯ ನಿಜವಾದ ಬೆಲೆಯೇನು?

ಅದರ ಹಿಂದಿನ ತರ್ಕ ಸರಳ. ಸ್ಟೆಂಟ್ ಹಾಕಲು ಹೃದಯದ ಮುಖ್ಯ ರಕ್ತನಾಳದಲ್ಲಿ ಬಲೂನು ಉಬ್ಬಿಸಿದಾಗ ರಕ್ತ ಕ್ಷಣಕಾಲ ನಿಲ್ಲುತ್ತದೆ. ಸೋತ ಹೃದಯ ಅಷ್ಟನ್ನೂ ತಾಳದೆ ಬಿಪಿ ಕುಸಿಯಬಹುದು. ಆಗ ಆಸರೆಯಾಗುವ ಯಂತ್ರಗಳಲ್ಲಿ ಬಲೂನ್ ಪಂಪ್ ಮಹಾಪಧಮನಿಯೊಳಗೆ ಹೃದಯಬಡಿತಕ್ಕೆ ಹೊಂದಿಕೊಂಡು ಉಬ್ಬಿ ಇಳಿಯುತ್ತದೆ. ಇಂಪೆಲಾ ಎಂಬ ಇನ್ನೊಂದು ಪಂಪ್ ಎಡ ಹೃತ್ಕುಕ್ಷಿಯೊಳಗಿಂದಲೇ ರಕ್ತ ಸೆಳೆದು ಮಹಾಪಧಮನಿಗೆ ಹರಿಸುತ್ತದೆ.

ಆದರೆ ಯೋಜಿತ ಸ್ಟೆಂಟಿಂಗ್‌ನ ಅಧ್ಯಯನಗಳು ಈ ತರ್ಕವನ್ನು ಪೂರ್ತಿ ಎತ್ತಿಹಿಡಿಯಲಿಲ್ಲ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 301 ರೋಗಿಗಳಿದ್ದರು. ಮೊದಲೇ ಬಲೂನ್ ಪಂಪ್ ಹಾಕಿದವರಿಗೂ ಹಾಕದವರಿಗೂ ಆಸ್ಪತ್ರೆಯಲ್ಲಾದ ಗಂಭೀರ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಕದವರಲ್ಲಿ ಶೇ. 12ರಷ್ಟು ಮಂದಿಗೆ ನಡುವೆ ಪಂಪ್ ಬೇಕಾಯಿತು. ಎಂದರೆ ಅದು ಕೈಗೆಟುಕುವಂತಿರಲಿ, ಎಲ್ಲರಿಗೂ ಹಾಕುವುದು ಬೇಡ. 2012ರ ಪ್ರೊಟೆಕ್ಟ್-2 ಅಧ್ಯಯನದಲ್ಲಿ ಇಂಪೆಲಾ ಕೂಡ 30 ದಿನಗಳ ಲೆಕ್ಕದಲ್ಲಿ ಬಲೂನ್ ಪಂಪನ್ನು ಮೀರಿಸಲಿಲ್ಲ. 2022ರ ರಿವೈವ್ಡ್ ಅಧ್ಯಯನ ಇನ್ನೂ ಬುಡದ ಪ್ರಶ್ನೆ ಎತ್ತಿತು: ಪಂಪಿಂಗ್ ತೀರಾ ಕುಗ್ಗಿದ 700 ರೋಗಿಗಳಲ್ಲಿ ಔಷಧದ ಜೊತೆ ಸ್ಟೆಂಟ್ ಹಾಕಿದ್ದರಿಂದ ಸಾವಾಗಲೀ ಹೃದಯವೈಫಲ್ಯಕ್ಕೆ ಆಸ್ಪತ್ರೆ ಸೇರುವುದಾಗಲೀ ತಗ್ಗಲಿಲ್ಲ.

ಇಂಪೆಲಾ ಗೆದ್ದದ್ದು ಬೇರೆ ಕಡೆ. ದೊಡ್ಡ ಹೃದಯಾಘಾತದಿಂದ ಹೃದಯ ಸೋತು ಆಘಾತಸ್ಥಿತಿಗೆ (ಶಾಕ್) ಜಾರಿದ, ಎಚ್ಚರಿಕೆಯಿಂದ ಆಯ್ದ ರೋಗಿಗಳಲ್ಲಿ, 2024ರ ಡ್ಯಾಂಜರ್ ಶಾಕ್ ಅಧ್ಯಯನದ ಪ್ರಕಾರ, ಆರು ತಿಂಗಳ ಸಾವು ಶೇ. 58.5ರಿಂದ 45.8ಕ್ಕೆ ಇಳಿಯಿತು. ರಕ್ತಸ್ರಾವ, ಕಾಲಿಗೆ ರಕ್ತ ಹರಿಯದಿರುವಂಥ ತೊಂದರೆಗಳು ಮಾತ್ರ ಹೆಚ್ಚಿದವು. ಈ ಗೆಲುವನ್ನು ಯೋಜಿತ ಸ್ಟೆಂಟಿಂಗ್‌ನ ಖಾತೆಗೆ ಬರೆಯಲಾಗದು.

ಉತ್ತರ ಕನ್ನಡಕ್ಕೆ ಇಲ್ಲಿ ಪಾಠವಿದೆ. ಆಘಾತಸ್ಥಿತಿಗೆ ಒಂದು ದೊಡ್ಡ ಕಾರಣ ಚಿಕಿತ್ಸೆಯ ವಿಳಂಬ. ಹೊತ್ತು ಕಳೆದಂತೆ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. 2024ರ ಜುಲೈನಲ್ಲಿ ಅಂಕೋಲೆ ಬಳಿಯ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದಾಗ ದೂರವೂ ಒಂದು ಅಪಾಯವೆಂಬುದು ಎಲ್ಲರಿಗೂ ಮನದಟ್ಟಾಯಿತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಏರ್ಪಾಡು ಬಂದಿದೆ. ಹೊತ್ತಿಗೆ ಸಿಕ್ಕ ಆ ಇಂಜೆಕ್ಷನ್ ಎಷ್ಟೋ ಮಂದಿಗೆ ಪಂಪಿನ ಅಗತ್ಯವೇ ಬಾರದಂತೆ ಮಾಡಬಲ್ಲದು. ಜಿಲ್ಲೆಯ ಜನ 2022ರಲ್ಲಿ ಒಕ್ಕೊರಲಿನಿಂದ ಕೇಳಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನೂ ಇದೇ ಅಳತೆಗೋಲಿನಿಂದ ಕಟ್ಟಬೇಕು: ಮೊದಲು ಸ್ಟೆಂಟ್ ಹಾಕಲು ಹಗಲಿರುಳೂ ತೆರೆದಿರುವ ಕ್ಯಾಥ್ ಲ್ಯಾಬ್ ಮತ್ತು ನುರಿತ ತಂಡ, ಆಮೇಲೆ ದುಬಾರಿ ಪಂಪು.

ಯೋಜಿತ ಚಿಕಿತ್ಸೆಗೆ ಸಹಿ ಹಾಕುವ ಮೊದಲು ಮನೆಯವರು ಮೂರು ಪ್ರಶ್ನೆ ಕೇಳಲಿ: ಈ ಸ್ಟೆಂಟ್‌ನಿಂದ ನಮ್ಮವರಿಗೆ ಆಗುವ ಲಾಭವೇನು? ಬೈಪಾಸ್ ಅಥವಾ ಔಷಧ ಸಾಲದೇ? ಪಂಪನ್ನು ಮೊದಲೇ ಹಾಕಬೇಕೇ, ಸಿದ್ಧವಾಗಿಟ್ಟುಕೊಂಡರೆ ಸಾಕೇ? ಇವಕ್ಕೆ ಬಿಡಿಸಿ ಉತ್ತರ ಕೊಡುವ ವೈದ್ಯರ ಕೈಯಲ್ಲಿ ಈ ಯಂತ್ರ ಒಳ್ಳೆಯ ಸಾಧನ.