ಕಾವೇರಿ ಯಾರವಳು?

ಆಯನೂರಿನ ನಮ್ಮ ಚಿಕ್ಕಮ್ಮ ಹೊಲಿಗೆ ಮಿಷನ್ನಿಗೆ ಫೋನು ಒರಗಿಸಿಟ್ಟುಕೊಂಡು ಕಥೆ ಬರೆಯುತ್ತಾಳೆ. ಬ್ಲೌಸಿಗೆ ಹುಕ್ಕು ಹಾಕುತ್ತ ಒಂದು ವಾಕ್ಯ, ಸೀರೆಗೆ ಫಾಲ್ ಹೊಲಿಯುತ್ತ ಇನ್ನೊಂದು. ಕಲಿತದ್ದು ಪಿಯುಸಿವರೆಗೆ. ಕಥೆ ಹೇಳುವುದನ್ನು ಕಲಿತದ್ದು ಮಾತ್ರ ಗ್ರಂಥಾಲಯದಿಂದ ತಂದ, ರಟ್ಟು ಕಿತ್ತುಹೋದ ತ್ರಿವೇಣಿ ಕಾದಂಬರಿಗಳಿಂದ. 2024ರ ಮಳೆಗಾಲದಲ್ಲಿ ಅವಳು ಒಂದು ಕಥೆಗಳ ಆ್ಯಪಿನಲ್ಲಿ ಹದಿನಾಲ್ಕು ಕಂತಿನ ಸರಣಿ ಬರೆದಳು. 'ಶರಪಂಜರ'ದ ಕಾವೇರಿ ಮತ್ತೊಮ್ಮೆ ಗುಣವಾಗಿ ಆಸ್ಪತ್ರೆಯಿಂದ ಹೊರಗೆ ಬಂದಿದ್ದರೆ ಎಲ್ಲಿಗೆ ಹೋಗುತ್ತಿದ್ದಳು ಎಂಬುದು ಅದರ ವಸ್ತು. ಮೊದಲ ಕಂತಿನ ತಲೆಯ ಮೇಲೆಯೇ "ತ್ರಿವೇಣಿಯವರ ಕಾದಂಬರಿ ಓದಿ ನಿದ್ದೆ ಬಾರದೆ ಬರೆದದ್ದು" ಎಂದು ಹಾಕಿದ್ದಳು. ಅವಳ ಕಾವೇರಿ ಗಂಡನ ಮನೆಗೆ ಹೋಗುವುದಿಲ್ಲ. ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತಿ ಆಯನೂರಿನಲ್ಲಿ ಇಳಿದು, ಒಂದು ಹೊಲಿಗೆ ಅಂಗಡಿಯ ಮುಂದೆ ನಿಂತು ಕೆಲಸ ಕೇಳುತ್ತಾಳೆ.

ಆರು ತಿಂಗಳ ನಂತರ ಆ ಸರಣಿ ಬೇರೊಬ್ಬರ ಹೆಸರಿನಲ್ಲಿ ಕಾಣಿಸಿಕೊಂಡಿತು. ಕಾವೇರಿ ಅಲ್ಲಿ ಪಲ್ಲವಿಯಾಗಿದ್ದಳು. ತ್ರಿವೇಣಿಯ ಹೆಸರೂ ಇರಲಿಲ್ಲ, ಚಿಕ್ಕಮ್ಮನ ಹೆಸರೂ ಇರಲಿಲ್ಲ. ಊರುಗಳನ್ನೂ ಬದಲಿಸಿದ್ದರು. ಆದರೆ ಒಂದು ಕಡೆ ಕೈತಪ್ಪಿತ್ತು: ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತ ಪಲ್ಲವಿ, "ತ್ಯಾವರೆಕೊಪ್ಪ ದಾಟ್ತಾ?" ಎಂದು ಕಂಡಕ್ಟರನ್ನು ಕೇಳುತ್ತಾಳೆ.

ಚಿಕ್ಕಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ನೀ ಪಿಎಚ್.ಡಿ. ಮಾಡ್ತೀಯಲ್ಲೇ, ಇದಕ್ಕೆ ಏನಂತಾರೆ ಹೇಳು" ಅಂದಳು. "ಕೃತಿಚೌರ್ಯ" ಅಂದೆ. "ಅಯ್ಯೋ, ಅಷ್ಟ್ ದೊಡ್ಡ ಹೆಸರಾ? ನಂದು ಕೃತಿ ಅಂತ ಯಾರ್ ಹೇಳಿದ್ದು?" ಎಂದು ನಕ್ಕಳು. ಜಗಲಿಯ ಮೇಲಿದ್ದ ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ, "ಕಾವೇರಿ ಏನು ನಿನ್ನವಳಾ? ತ್ರಿವೇಣಿಯೋರದ್ದು ನೀ ತಗಂಡೆ, ನಿಂದು ಅವ್ಳು ತಗಂಡ್ಲು" ಅಂದರು. ಚಿಕ್ಕಮ್ಮನ ನಗು ಅಲ್ಲಿಗೇ ನಿಂತಿತು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಮೆಚ್ಚಿದ ಕಥೆಯ ಪಾತ್ರಗಳನ್ನು ಎತ್ತಿಕೊಂಡು ಓದುಗರೇ ಮುಂದಕ್ಕೆ ಬರೆಯುವುದನ್ನು ಇಂಗ್ಲಿಷಿನವರು ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ನಮಗೆ ಹಳೆಯದು. 941ರ ಸುಮಾರಿಗೆ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ವ್ಯಾಸನ ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿಸಿದ. ಕೊನೆಯಲ್ಲಿ ಪಟ್ಟವನ್ನು ಅರ್ಜುನನಿಗೇ ಕಟ್ಟಿ ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ಇವತ್ತಿನ ಯಾವ ಅಭಿಮಾನಿ ಬರಹಗಾರ್ತಿಯೂ ಮೂಲಕಥೆಯ ಮೇಲೆ ಇಷ್ಟು ಸಲಿಗೆ ತೆಗೆದುಕೊಳ್ಳಲಾರಳು. ಆದರೆ ಪಂಪ ಕಾವ್ಯದ ಮೊದಲಲ್ಲೇ ವ್ಯಾಸನ ಮಾತಿನ ಕಡಲಿನಲ್ಲಿ ತಾನು ಈಜಲು ಇಳಿದಿದ್ದೇನೆಂದು ಹೇಳುತ್ತಾನೆ, ತಾನೇ ವ್ಯಾಸನೆಂಬ ಗರ್ವ ತನಗಿಲ್ಲವೆನ್ನುತ್ತಾನೆ. ಗದುಗಿನ ನಾರಣಪ್ಪ ಇನ್ನೂ ಮುಂದೆ ಹೋಗಿ, ಕುಮಾರವ್ಯಾಸ ಎಂಬ ಹೆಸರಿನಲ್ಲೇ ಮೂಲದವನ ಹೆಸರು ಹೊತ್ತುಕೊಂಡ. ಅವನು ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಮುಂದುವರಿಸಿದ. ಹೀಗೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುವುದು ನಮ್ಮಲ್ಲಿ ಸಂಕೋಚದ ಸಂಗತಿಯಾಗಿರಲಿಲ್ಲ.

ತ್ರಿವೇಣಿಯ ವಿಷಯದಲ್ಲೇ ಅಂಥದೊಂದು ಉದಾಹರಣೆಯಿದೆ. 1963ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿ, ಅವರು ತೀರಿಕೊಂಡಾಗ 'ಅವಳ ಮನೆ' ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು. ಎರಡು ಹೆಸರೂ ಓದುಗರಿಗೆ ಗೊತ್ತು. 'ಶರಪಂಜರ'ವನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದಾಗಲೂ ಹಾಗೆಯೇ. ಕಲ್ಪನಾ ಅವರ ಕಾವೇರಿಯನ್ನು ನೋಡಿ ಅತ್ತವರಿಗೆ ಆ ಕಾವೇರಿಯ ತಾಯಿ ಯಾರೆಂದು ತಿಳಿದಿತ್ತು.

ಇಷ್ಟು ಹೇಳಿ ಪರಂಪರೆಗೆ ಪೂರ್ಣ ಅಂಕ ಕೊಟ್ಟುಬಿಟ್ಟರೆ ಸುಳ್ಳಾಗುತ್ತದೆ. ರನ್ನನ 'ಗದಾಯುದ್ಧ'ದ ಮೇಲೆ ಪಂಪನ ನೆರಳಿದೆ, ಭಟ್ಟನಾರಾಯಣನ 'ವೇಣೀಸಂಹಾರ'ದ ನೆರಳೂ ಇದೆ. ಎಂ.ಎ. ತರಗತಿಯಲ್ಲಿ ಅದಕ್ಕೆ 'ಪ್ರಭಾವ' ಎಂದು ಬರೆದು ಅಂಕ ಪಡೆದವರು ನಾವು. ದೊಡ್ಡವರು ಮಾಡಿದರೆ ಪ್ರಭಾವ, ಸಣ್ಣವರು ಮಾಡಿದರೆ ಚೌರ್ಯ ಎಂಬ ಗುಮಾನಿ ನನಗೆ ಆಗಲೇ ಇತ್ತು. ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಕದಿಯುವುದರಲ್ಲೇ ಬಗೆಗಳನ್ನು ಎಣಿಸುತ್ತಾನೆ. ಕಳ್ಳನಲ್ಲದ ಕವಿಯಿಲ್ಲ, ಕಳ್ಳನಲ್ಲದ ವ್ಯಾಪಾರಿಯಿಲ್ಲ, ಮುಚ್ಚಿಡಬಲ್ಲವನು ಬದುಕಿಕೊಳ್ಳುತ್ತಾನೆ ಎಂಬರ್ಥದ ಮಾತನ್ನೂ ಆಡುತ್ತಾನೆ. ಅವನ ಪ್ರಾಮಾಣಿಕತೆ ಇಷ್ಟವಾಗುತ್ತದೆ, ಅವನ ತೀರ್ಮಾನ ಇಷ್ಟವಾಗುವುದಿಲ್ಲ. ಕವಿಗಳೆಲ್ಲ ಒಂದೇ ಆಸ್ಥಾನದಲ್ಲಿ ಕೂತು ಒಬ್ಬರ ಪದ್ಯ ಇನ್ನೊಬ್ಬರಿಗೆ ಬಾಯಿಗೆ ಬರುವ ಕಾಲದಲ್ಲಿ ಮುಚ್ಚಿಡುವುದು ಒಂದು ಕೌಶಲವಿರಬಹುದು. ಅಲ್ಲಿ ಕದ್ದವನನ್ನು ಹಿಡಿಯಬಲ್ಲ ಸಭೆ ಎದುರಿಗೇ ಇತ್ತು. ಚಿಕ್ಕಮ್ಮನ ಓದುಗರಿಗೆ ಪಲ್ಲವಿಯ ಹಿಂದೆ ಕಾವೇರಿ ಇದ್ದಾಳೆಂದು ತಿಳಿಯುವ ದಾರಿ ಒಂದು ಬಸ್‌ಸ್ಟಾಪಿನ ಹೆಸರು ಮಾತ್ರ.

ಕನ್ನಡಕ್ಕೆ ಹೆಸರಿನ ಬೆಲೆ ಗೊತ್ತಿಲ್ಲ ಎನ್ನುವ ಹಾಗೂ ಇಲ್ಲ. ನಮ್ಮ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿಯ ವಚನವನ್ನು ಯಾರು ಎಲ್ಲಿ ಹಾಡಿದರೂ ಕೊನೆಗೆ ಚೆನ್ನಮಲ್ಲಿಕಾರ್ಜುನ ಬರುತ್ತಾನೆ, ಅಕ್ಕ ಗುರುತು ಸಿಗುತ್ತಾಳೆ. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಒಡೆಯರ ಹೆಸರನ್ನು ಒಳಗೇ ಹೊಲಿದು ಕಳಿಸುವ ಉಪಾಯ ಅದು. ಅದನ್ನು ಬಿಚ್ಚಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಮಾತೆ ಮಹಾದೇವಿಯವರು ಸಂಪಾದಿಸಿದ 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನ 'ಕೂಡಲಸಂಗಮದೇವ' ಅಂಕಿತ 'ಲಿಂಗದೇವ'ವಾದಾಗ ದೊಡ್ಡ ವಿವಾದವೆದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪುಸ್ತಕಕ್ಕೆ ನಿಷೇಧವೇ ಮದ್ದೇ ಎಂಬ ನನ್ನ ತಕರಾರು ಬೇರೆ. ಒಂದು ಅಂಕಿತಕ್ಕಾಗಿ ಒಂದು ಸಮಾಜ ಇಷ್ಟು ನೊಂದುಕೊಳ್ಳಬಲ್ಲದು ಎಂಬುದಷ್ಟೇ ಇಲ್ಲಿ ಮುಖ್ಯ. ಅದೇ ನಾವು ದಿನ ಬೆಳಗಾದರೆ "ಕೃಪೆ: ವಾಟ್ಸಾಪ್" ಎಂದು ಹಾಕಿ ಪದ್ಯ ಕಳಿಸುತ್ತೇವೆ. ಬರೆದವರು ಯಾರೋ, ಕೃಪೆ ಮಾತ್ರ ವಾಟ್ಸಾಪಿನದು.

ಹಾಗಾದರೆ ಎರವಲು ಕಥೆಯಲ್ಲಿ ಬರೆದವರದು ಎಂಬುದು ಎಷ್ಟು? ಚಿಕ್ಕಪ್ಪನ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಇದಕ್ಕೆ ಹತ್ತಿರದ ಒಂದು ಪ್ರಶ್ನೆ ಶಿವರಾಮ ಕಾರಂತರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ಮರುರೂಪಿಸಿದ್ದರು. ಅವರ ಉಯಿಲಿನ ಪ್ರಕಾರ ಹಕ್ಕು ಪಡೆದ ಮಾಲಿನಿ ಮಲ್ಯ ಅವರು, 2001ರಲ್ಲಿ ದೆಹಲಿಯಲ್ಲಿ ಅನುಮತಿಯಿಲ್ಲದೆ 'ಅಭಿಮನ್ಯು ವಧೆ' ಆಡಿಸಿದರೆಂದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ಅಭಿಮನ್ಯು ಯಾರಪ್ಪನ ಆಸ್ತಿಯೂ ಅಲ್ಲ, ಯಕ್ಷಗಾನವೂ ಅಲ್ಲ. ಆದರೂ ಕಾರಂತರು ಕಟ್ಟಿದ ರೂಪಕ್ಕೆ ಹಕ್ಕಿದೆ ಎಂಬ ಕೆಳಗಿನ ನ್ಯಾಯಾಲಯಗಳ ನಿಲುವು 2009ರ ತೀರ್ಪಿನಲ್ಲೂ ಉಳಿಯಿತು. ಶಿಕ್ಷಣದಂಥ ಉದ್ದೇಶಗಳಿಗೆ ಕಾನೂನು ಕೊಟ್ಟಿರುವ ವಿನಾಯಿತಿಗಳಿಗೆ ಜಾಗ ಬಿಟ್ಟು ಕೋರ್ಟು ತಡೆಯಾಜ್ಞೆಯನ್ನು ತಿದ್ದಿತು. ಕಥೆ ಊರಿನದಾದರೂ ಅದನ್ನು ಹೇಳಿದ ಬಗೆ ಹೇಳಿದವರದು.

ಚಿಕ್ಕಮ್ಮನ ಮಟ್ಟಿಗೆ ಇನ್ನೊಂದು ಲೆಕ್ಕವೂ ಇದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಅವರ ಕೃತಿ ಎಲ್ಲರದೂ ಆಗುತ್ತದೆ. ತ್ರಿವೇಣಿಯ ವಿಷಯದಲ್ಲಿ ಆ ಅವಧಿ 2023ರ ಕೊನೆಗೆ ಮುಗಿಯಿತು. ಅಂದರೆ 2024ರ ಮಳೆಗಾಲದಲ್ಲಿ ಚಿಕ್ಕಮ್ಮ ಕಾವೇರಿಯನ್ನು ಬಸ್ಸು ಹತ್ತಿಸುವಾಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವಳಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ತ್ರಿವೇಣಿಯ ಹೆಸರು ಹಾಕಿದ್ದಳು. ಕಾನೂನು ಕೇಳದ ಋಣವನ್ನು ಅವಳು ಒಪ್ಪಿಕೊಂಡಿದ್ದಳು. ಕದ್ದವರು ಅಳಿಸಿದ್ದು ಆ ಋಣದ ಸಾಲನ್ನೂ ಸೇರಿಸಿ.

ಈ ವ್ಯತ್ಯಾಸ ದೂರದ ದೇಶಗಳ ಅಭಿಮಾನಿ ಬಳಗಗಳಿಗೂ ಗೊತ್ತು. 2001ರಲ್ಲಿ ಹ್ಯಾರಿ ಪಾಟರ್ ಅಭಿಮಾನಿಗಳ ನಡುವೆ ಬಹಳ ಜನಪ್ರಿಯವಾಗಿದ್ದ 'ಡ್ರಾಕೋ ಟ್ರೈಲಜಿ' ಎಂಬ ಸರಣಿಯಲ್ಲಿ ಪಮೇಲಾ ಡೀನ್ ಎಂಬ ಲೇಖಕಿಯ ಕಾದಂಬರಿಯ ಭಾಗಗಳು ಸರಿಯಾಗಿ ಹೆಸರಿಸದೆ ಸೇರಿಕೊಂಡಿವೆ ಎಂಬ ಗಲಾಟೆಯೆದ್ದಿತು. ಸರಣಿಯನ್ನು ಫ್ಯಾನ್‌ಫಿಕ್ಷನ್ ಡಾಟ್ ನೆಟ್ ತೆಗೆದುಹಾಕಿತು. ಅದನ್ನು ಬರೆದವರು ಮುಂದೆ ಕಸ್ಸಾಂಡ್ರಾ ಕ್ಲೇರ್ ಎಂಬ ಹೆಸರಿನಲ್ಲಿ ಪ್ರಸಿದ್ಧ ಕಾದಂಬರಿಕಾರ್ತಿಯಾದರು. ಅಲ್ಲಿ ಜಗಳವಾಡಿದವರೆಲ್ಲ ರೌಲಿಂಗ್ ಸೃಷ್ಟಿಸಿದ ಪಾತ್ರಗಳನ್ನು ಕೇಳದೆ ಬಳಸುತ್ತಿದ್ದವರೇ. ಹ್ಯಾರಿಯನ್ನು ಎತ್ತಿಕೊಂಡದ್ದು ಅವರಿಗೆ ಕಳ್ಳತನವಾಗಿ ಕಾಣಲಿಲ್ಲ, ಏಕೆಂದರೆ ಹ್ಯಾರಿ ಯಾರವನೆಂದು ಓದುವವರಿಗೆಲ್ಲ ಗೊತ್ತು. ಡೀನ್ ಅವರ ವಾಕ್ಯಗಳು ಯಾರವು ಎಂದು ಓದುಗರಿಗೆ ಗೊತ್ತಿರಲಿಲ್ಲ. ಸಾಲ ತಂದದ್ದನ್ನು ಸಾಲವೆಂದು ಹೇಳಿದರೆ ಮರ್ಯಾದೆ ಹೋಗುವುದಿಲ್ಲ, ಸಾಲದ ಒಡವೆಯನ್ನು ತವರಿನದು ಎಂದರೆ ಹೋಗುತ್ತದೆ. ಈ ಬರಹಗಳಿಗೆ ಹೆಚ್ಚಿನಂಶ ದುಡ್ಡೂ ಇಲ್ಲ, ಪ್ರಶಸ್ತಿಯೂ ಇಲ್ಲ, ಕೋರ್ಟಿಗೆ ಹೋಗುವ ತ್ರಾಣವೂ ಇಲ್ಲ. ಇರುವ ಕೂಲಿಯೆಂದರೆ ಹೆಸರೊಂದೇ. ಅದನ್ನು ತೆಗೆದರೆ ಏನೂ ಉಳಿಯುವುದಿಲ್ಲ.

ಇಷ್ಟು ತೀರ್ಪು ಕೊಟ್ಟ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಎಂ.ಎ. ಓದುವಾಗ ಪಂಪನ ಕರ್ಣನ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಅದರ ಮೂರು ಪ್ಯಾರಾಗಳು ಒಂದು ಹಳೆಯ ಪುಸ್ತಕದ ಮುನ್ನುಡಿಯವು. ಕ್ರಿಯಾಪದಗಳನ್ನು ಹಿಂದುಮುಂದು ಮಾಡಿದ್ದೆ, ಪಲ್ಲವಿಯ ಹಾಗೆ. ಮೇಷ್ಟ್ರು ತರಗತಿಯಲ್ಲಿ ಓದಿ ಹೊಗಳಿದ್ದು ಆ ಮೂರು ಪ್ಯಾರಾಗಳನ್ನೇ. ಅವತ್ತು ಹೇಳಲಿಲ್ಲ. ಆಮೇಲೆ ಅದು ಒಂದು ವಿಚಾರ ಸಂಕಿರಣದ ಸಂಪುಟದಲ್ಲಿ ಅಚ್ಚಾಯಿತು, ಆಗಲೂ ಹೇಳಲಿಲ್ಲ. ಈಗ ನನ್ನ ಮಹಾಪ್ರಬಂಧಕ್ಕೆ ಯುಜಿಸಿಯ 2018ರ ನಿಯಮ ಅನ್ವಯಿಸುತ್ತದೆ: ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಆ ಹಳೆಯ ಪ್ರಬಂಧದಲ್ಲಿ ಶೇಕಡಾ ಎಷ್ಟಿತ್ತೆಂದು ಎಣಿಸಿಲ್ಲ. ನನಗೆ ಸಿಕ್ಕ ಹೊಗಳಿಕೆಯಲ್ಲಿ ಶೇಕಡಾ ನೂರೂ ಇನ್ನೊಬ್ಬರದು ಎಂಬುದು ಗೊತ್ತು. ಚಿಕ್ಕಪ್ಪನ ಮಾತಿಗೆ ನಾನು ಅವತ್ತು ಬಾಯಿ ಕಟ್ಟಿ ಕೂತದ್ದು ಉತ್ತರ ಹೊಳೆಯದ್ದಕ್ಕೆ ಮಾತ್ರವಲ್ಲ.

ನಮ್ಮಂಥ ಸಂಶೋಧಕರು ಆ್ಯಪ್ ಕಥೆಗಳೆಂದರೆ ಮೂಗು ಮುರಿಯುತ್ತೇವೆ. ಅಲ್ಲಿ ಕಳ್ಳತನ ಜಾಸ್ತಿ, ಸೃಜನಶೀಲತೆ ಕಡಿಮೆ ಎಂದು ಕ್ಯಾಂಟೀನಿನಲ್ಲಿ ಮಾತಾಡುತ್ತೇವೆ. ಪಿಯುಸಿ ಓದಿದ ಹೆಂಗಸೊಬ್ಬಳು ಯಾವ ನಿಯಮವೂ ಇಲ್ಲದೆ ಮೊದಲ ಸಾಲಿನಲ್ಲೇ ಮೂಲವನ್ನು ಹೆಸರಿಸುತ್ತಾಳೆ, ಅಡಿಟಿಪ್ಪಣಿ ಕಲಿತ ನಾನು ಹೆಸರಿಸಲಿಲ್ಲ. ವಿಮರ್ಶೆ ಈ ಬರಹಗಳನ್ನು ಓದಲು ಶುರುಮಾಡಬೇಕಾದರೆ ಇಲ್ಲಿಂದ ಮಾಡಬಹುದು: 'ಶರಪಂಜರ'ದ ಮನೆಯವರು ಗುಣವಾಗಿ ಬಂದ ಕಾವೇರಿಯನ್ನು ಗುಣವಾದವಳೆಂದು ಒಪ್ಪಲಿಲ್ಲ. ಅವಳನ್ನು ಒಪ್ಪುವ ಒಂದು ಜಾಗ ಯಾವುದಿರಬಹುದು ಎಂದು ಹುಡುಕಿದ ಚಿಕ್ಕಮ್ಮ ಒಂದು ಹೊಲಿಗೆ ಅಂಗಡಿ ತೋರಿಸುತ್ತಾಳೆ. ತ್ರಿವೇಣಿಯ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ್ದು ಕಂಡಿಲ್ಲ. ಕದ್ದವರು ಆ ಅಂಗಡಿಯನ್ನು ಬ್ಯೂಟಿ ಪಾರ್ಲರ್ ಮಾಡಿದ್ದಾರೆ. ಕಾವೇರಿ ಯಾಕೆ ಅಲ್ಲಿ ನಿಂತಳು ಎಂಬುದು ಅವರಿಗೆ ತಿಳಿದಿಲ್ಲ.

ಆ ಕಡೆಯವರಿಗೆ ಚಿಕ್ಕಮ್ಮ ಒಂದು ಸಂದೇಶ ಕಳಿಸಿದಳು. ಎರಡು ದಿನದ ಮೇಲೆ ಪಲ್ಲವಿಯ ಪ್ರತಿ ಕಂತಿನ ಕೆಳಗೂ "ಸಂಗ್ರಹ" ಎಂಬ ಪದ ಬಂದು ಕೂತಿತು. ಅಷ್ಟೇ. ನಾನೂ ಆ ಸಂಪುಟದ ಸಂಪಾದಕರಿಗೆ, ಮರುಮುದ್ರಣವಾದರೆ ಮುನ್ನುಡಿಕಾರರ ಹೆಸರು ಸೇರಿಸಿ ಎಂದು ಪತ್ರ ಬರೆದಿದ್ದೇನೆ. ಅಂಥ ಸಂಪುಟಗಳಿಗೆ ಮರುಮುದ್ರಣ ಬರುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಅದಕ್ಕೇ ಇಲ್ಲಿ ಬರೆದೆ.

ಚಿಕ್ಕಮ್ಮ ಹದಿನೈದನೆಯ ಕಂತು ಶುರುಮಾಡಿದ್ದಾಳೆ. ಮೊನ್ನೆ ಹೋದಾಗ ಓದಿಸಿದಳು. ಪ್ರತಿ ಪುಟದಲ್ಲೂ ಕುಂಸಿ, ಹಾರನಹಳ್ಳಿ, ತ್ಯಾವರೆಕೊಪ್ಪ. "ಇಷ್ಟೊಂದು ಊರು ಯಾಕೆ ಚಿಕ್ಕಮ್ಮ?" ಎಂದೆ. "ಈ ಸಲ ತಗಂಡೋಗೋರಿಗೆ ಸ್ವಲ್ಪ ಕೆಲ್ಸ ಇರ್ಲಿ" ಎಂದು ಹಲ್ಲಿನಲ್ಲಿ ದಾರ ಕತ್ತರಿಸಿದಳು.